ಲಿನಕ್ಸ್, ಮ್ಯಾಕ್, ಬಿಎಸ್‌ಡಿ: ಎಲ್ಲ ಟರ್ಮಿನಲ್‌ಗಳಲ್ಲೂ ಎಲ್‌ಎಸ್ ಪಟ್ಟಿಗೆ ಒಂದೇ ಬಗೆಯ ಬಣ್ಣ ಬರಿಸುವುದು ಹೇಗೆ?

ಮೂರುಯಂತ್ರ

ಎಲ್ಲರಿಗೂ ನಮಸ್ಕಾರ. ನನ್ನ ದಿನದ ಕೆಲಸ ಮೂರು ಯಂತ್ರಗಳಲ್ಲಿ ಹಂಚಿಹೋಗಿದೆ. ಎದುರಿಗೆ ಇರುವುದು ಸ್ವಲ್ಪ ಹಳೆಯ ಮ್ಯಾಕ್ ಲ್ಯಾಪ್‌ಟಾಪ್. ಅಲ್ಲಿಂದ ಎಸ್‌ಎಸ್‌ಎಚ್ ಮೂಲಕ, ಅಂದರೆ ಜಾಲದ ಮೇಲೆ ಲಾಗಿನ್ ಆಗಿ, ಒಂದು ಲಿನಕ್ಸ್ ಸರ್ವರಿಗೂ ಒಂದು ಫ್ರೀಬಿಎಸ್‌ಡಿ ಯಂತ್ರಕ್ಕೂ ಹೋಗಿಬರುತ್ತಿರುತ್ತೇನೆ. ಲಿನಕ್ಸ್‌ನಲ್ಲಿ ಎಲ್‌ಎಸ್ (ಡೈರೆಕ್ಟರಿಯೊಳಗಿನ ಹೆಸರುಗಳನ್ನು ಪಟ್ಟಿಮಾಡುವ ಕಮಾಂಡ್) ಎಂದು ಹೊಡೆದ ಕೂಡಲೇ ಡೈರೆಕ್ಟರಿಗಳು ನೀಲಿಯಾಗಿ, ಓಡಿಸಬಹುದಾದ ಕಡತಗಳು ಹಸಿರಾಗಿ, ಟಾರ್ ಮತ್ತು ಜಿಪ್ ಕಡತಗಳು ಕೆಂಪಾಗಿ ಕಾಣುತ್ತವೆ. ಕಣ್ಣು ಅದಕ್ಕೆ ಎಷ್ಟು ಒಗ್ಗಿಹೋಗಿದೆಯೆಂದರೆ, ಬಣ್ಣವಿಲ್ಲದ ಪಟ್ಟಿಯಲ್ಲಿ ಬೇಕಾದುದನ್ನು ಹುಡುಕುವುದಕ್ಕೇ ಹೊತ್ತು ಹೋಗುತ್ತದೆ.

ಆದ್ದರಿಂದ ಲಿನಕ್ಸ್‌ನ ಬ್ಯಾಶ್‌ಆರ್‌ಸಿ ಕಡತವನ್ನು (ಬ್ಯಾಶ್ ಎಂಬ ಶೆಲ್ ಆರಂಭದಲ್ಲಿ ಓದುವ ಸೆಟ್ಟಿಂಗ್ ಕಡತ) ಹಾಗೆಯೇ ಮ್ಯಾಕ್‌ಗೆ ನಕಲು ಮಾಡಿದೆ. ಅದರಲ್ಲಿದ್ದ "ಎಲ್‌ಎಸ್ --ಕಲರ್=ಆಟೋ" ಎಂಬ ಏಲಿಯಾಸ್ (ಕಮಾಂಡಿಗೆ ಕೊಡುವ ಅಡ್ಡಹೆಸರು) ಅಲ್ಲಿ ಕೆಲಸ ಮಾಡಲಿಲ್ಲ; ಇಂಥ ಆಪ್ಷನ್ ಇಲ್ಲವೆಂದು ದೋಷ ಬಂತು. ಸಹೋದ್ಯೋಗಿಯೊಬ್ಬರು "-ಜಿ" ಎಂದು ದೊಡ್ಡಕ್ಷರದಲ್ಲಿ ಹಾಕಿ ಎಂದರು. ಹಾಕಿದೆ, ಮ್ಯಾಕ್‌ನಲ್ಲಿ ಬಣ್ಣ ಬಂತು. ಆ ಸಂತೋಷದಲ್ಲಿ ಅದೇ ಸಾಲನ್ನು ಮೂರು ಯಂತ್ರಗಳಿಗೂ ಹಂಚಿಬಿಟ್ಟೆ. ಲಿನಕ್ಸ್‌ನಲ್ಲಿ ಬಣ್ಣ ಹೋಯಿತು, ಅಷ್ಟೇ ಅಲ್ಲ, "ಎಲ್‌ಎಸ್ -ಎಲ್" ಕೊಟ್ಟಾಗ ಕಡತದ ಗುಂಪಿನ ಹೆಸರು ತೋರಿಸುವ ಕಾಲಮ್ಮೇ ಕಾಣೆಯಾಯಿತು. ಅನುಮತಿಗಳೇ ಕೆಟ್ಟಿವೆಯೆಂದು ತಿಳಿದು ಅರ್ಧ ದಿನ ಹುಡುಕಾಡಿದ್ದೇನೆ.

ಬಣ್ಣಗಳ ಪಟ್ಟಿಯಿರುವ ಎಲ್‌ಎಸ್_ಕಲರ್ಸ್ ಎಂಬ ವೇರಿಯಬಲ್ಲನ್ನು ಮ್ಯಾಕ್‌ನಲ್ಲಿ ಎಕ್ಸ್‌ಪೋರ್ಟ್ ಮಾಡಿ ನೋಡಿದರೂ ಬಣ್ಣಗಳು ಕಿಂಚಿತ್ತೂ ಬದಲಾಗುವುದಿಲ್ಲ. ಮೂರು ಕಡೆಯೂ ಒಂದೇ ನೋಟ ಸಿಗುವಂತೆ ಮಾಡಲು ಸರಿಯಾದ ದಾರಿ ಯಾವುದು? ಕಮಾಂಡ್‌ಗಳ ಹೆಸರನ್ನು ಉಚ್ಚಾರದಂತೆ ಕನ್ನಡದಲ್ಲಿ ಬರೆದಿದ್ದೇನೆ. ದೊಡ್ಡಕ್ಷರ ಸಣ್ಣಕ್ಷರದ ವ್ಯತ್ಯಾಸ ಮುಖ್ಯವಾದಲ್ಲಿ ದಯವಿಟ್ಟು ನೀವೂ ಹಾಗೆಂದು ಹೇಳಿ.

ಹಳೆಯಶೆಲ್

ಮೊದಲು ಗುಂಪಿನ ಕಾಲಮ್ ಏಕೆ ಹೋಯಿತೆಂಬುದನ್ನು ಹೇಳಿಬಿಡುತ್ತೇನೆ, ಏಕೆಂದರೆ ಉಳಿದ ಎಲ್ಲವೂ ಅದರೊಳಗೇ ಅಡಗಿದೆ. ಬಿಎಸ್‌ಡಿ ವಂಶದ ಎಲ್‌ಎಸ್‌ನಲ್ಲಿ ದೊಡ್ಡ ಜಿ ಎಂದರೆ ಬಣ್ಣ ಹಚ್ಚು ಎಂದರ್ಥ. ಗ್ನೂ ಎಲ್‌ಎಸ್‌ನಲ್ಲಿ ಅದೇ ದೊಡ್ಡ ಜಿ ಎಂದರೆ ಉದ್ದಪಟ್ಟಿಯಲ್ಲಿ ಗುಂಪಿನ ಹೆಸರನ್ನು ಬಿಟ್ಟುಬಿಡು ಎಂದರ್ಥ. ಎರಡೂ ಕಡೆ ಆಪ್ಷನ್ ಸಿಂಧುವೇ ಆದ್ದರಿಂದ ದೋಷಸಂದೇಶ ಬರುವುದಿಲ್ಲ, ಅರ್ಥ ಮಾತ್ರ ಬೇರೆಯಾಗುತ್ತದೆ. ನಿಮ್ಮ ಅನುಮತಿಗಳು ಸರಿಯಾಗಿಯೇ ಇವೆ.

ಎಲ್‌ಎಸ್ ಎಂಬ ಹೆಸರು ಒಂದೇ ಆದರೂ ಆ ಹೆಸರಿನ ಪ್ರೋಗ್ರಾಮ್‌ಗಳು ಹಲವು. ಲಿನಕ್ಸ್ ಸರ್ವರಿನಲ್ಲಿ ಇರುವುದು ಸಾಮಾನ್ಯವಾಗಿ ಗ್ನೂ ಕೋರ್‌ಯುಟಿಲ್ಸ್‌ನ ಎಲ್‌ಎಸ್. ಮ್ಯಾಕ್ ಮತ್ತು ಫ್ರೀಬಿಎಸ್‌ಡಿಗಳಲ್ಲಿ ಇರುವುದು ಬಿಎಸ್‌ಡಿಯ ಎಲ್‌ಎಸ್. ರೌಟರ್‌ನಂಥ ಚಿಕ್ಕ ಸಾಧನಗಳಲ್ಲಿ ಬಹುಮಟ್ಟಿಗೆ ಬಿಜಿಬಾಕ್ಸ್‌ನದು, ಅದರ ಬಣ್ಣಗಳು ಪ್ರೋಗ್ರಾಮ್‌ನೊಳಗೇ ಬರೆದಿಟ್ಟವು, ಹೊರಗಿನಿಂದ ಬದಲಾಯಿಸಲು ಬರುವುದಿಲ್ಲ. 

ಬಣ್ಣದ ವಿಷಯದಲ್ಲಿ ಮೂವರ ಪಾತ್ರವಿದೆ, ಮೂವರನ್ನೂ ಬೇರೆಬೇರೆಯಾಗಿ ನೋಡದಿದ್ದರೆ ಗೊಂದಲ ಬಿಡಿಸಲಾಗದು. ಬಣ್ಣ ಬೇಕೋ ಬೇಡವೋ ಎಂದು ತೀರ್ಮಾನಿಸಿ ಸಂಕೇತಗಳನ್ನು ಹೊರಡಿಸುವುದು ಎಲ್‌ಎಸ್. ಯಾವ ಬಗೆಯ ಕಡತಕ್ಕೆ ಯಾವ ಸಂಕೇತ ಎಂದು ಹೇಳುವುದು ಎನ್‌ವಿರಾನ್‌ಮೆಂಟ್ ವೇರಿಯಬಲ್. ಆ ಸಂಕೇತವನ್ನು ಓದಿ ನಿಜವಾದ ಬಣ್ಣವನ್ನು ಪರದೆಯ ಮೇಲೆ ಬಳಿಯುವುದು ಟರ್ಮಿನಲ್. ಎಲ್‌ಎಸ್ ಕಳಿಸುವುದು ಬಣ್ಣವನ್ನಲ್ಲ, ಎಸ್ಕೇಪ್ ಎಂಬ ಬೈಟ್, ಚೌಕ ಆವರಣ, ನಂತರ "01;34", ಕೊನೆಗೆ ಎಂ ಎಂಬ ಅಕ್ಷರ, ಇಷ್ಟನ್ನೇ. 01 ಎಂದರೆ ದಪ್ಪ, 34 ಎಂದರೆ ಮುಂಬಣ್ಣ ನೀಲಿ. 30ರಿಂದ 37ರವರೆಗೆ ಅಕ್ಷರದ ಬಣ್ಣಗಳು, 40ರಿಂದ 47ರವರೆಗೆ ಹಿನ್ನೆಲೆಯವು. ಇದನ್ನು ನಿಮ್ಮ ಕಣ್ಣಿನಿಂದಲೇ ನೋಡಬೇಕೆಂದರೆ ಲಿನಕ್ಸ್‌ನಲ್ಲಿ "ಎಲ್‌ಎಸ್ --ಕಲರ್=ಆಲ್ವೇಸ್" ಎಂಬುದರ ಫಲಿತಾಂಶವನ್ನು ಪೈಪ್ ಮೂಲಕ "ಕ್ಯಾಟ್ -ವಿ"ಗೆ ಕೊಡಿ. ಪ್ರತಿ ಹೆಸರಿನ ಹಿಂದೆಮುಂದೆ ಆ ಸಂಕೇತಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಡೀಮನ್‌ಗೆಳತಿ

ಮ್ಯಾಕ್ ಮತ್ತು ಫ್ರೀಬಿಎಸ್‌ಡಿಯ ಭಾಗವನ್ನು ನಾನು ಬರೆಯುತ್ತೇನೆ. ನೀವು ಕೊಟ್ಟ ವೇರಿಯಬಲ್‌ನ ಹೆಸರಿನ ನಡುವೆ ಅಡಿಗೆರೆ ಇದೆ. ಗ್ನೂ ಎಲ್‌ಎಸ್ ಓದುವುದು ಅಡಿಗೆರೆ ಇರುವ ಎಲ್‌ಎಸ್_ಕಲರ್ಸ್ ಅನ್ನು. ಬಿಎಸ್‌ಡಿ ಎಲ್‌ಎಸ್ ಓದುವುದು ಅಡಿಗೆರೆ ಇಲ್ಲದ ಎಲ್‌ಎಸ್‌ಕಲರ್ಸ್ ಅನ್ನು. ಒಂದೇ ಒಂದು ಗೆರೆಯ ವ್ಯತ್ಯಾಸ, ಆದರೆ ಎರಡರ ಒಳಗಿನ ಬರವಣಿಗೆಯ ಕ್ರಮಗಳಿಗೆ ಪರಸ್ಪರ ಸಂಬಂಧವೇ ಇಲ್ಲ. ಎರಡನ್ನೂ ಒಟ್ಟಿಗೆ ಎಕ್ಸ್‌ಪೋರ್ಟ್ ಮಾಡಿದರೆ ತೊಂದರೆಯಿಲ್ಲ, ತನ್ನದಲ್ಲದ್ದನ್ನು ಯಾವ ಎಲ್‌ಎಸ್ಸೂ ಮುಟ್ಟುವುದಿಲ್ಲ.

ಬಿಎಸ್‌ಡಿಯ ಕ್ರಮದಲ್ಲಿ 22 ಅಕ್ಷರಗಳ ಒಂದೇ ಸಾಲು ಇರುತ್ತದೆ. ಅದನ್ನು ಎರಡೆರಡಾಗಿ ಒಡೆದರೆ 11 ಜೋಡಿ. ಪ್ರತಿ ಜೋಡಿಯ ಮೊದಲ ಅಕ್ಷರ ಮುಂಬಣ್ಣ, ಎರಡನೆಯದು ಹಿನ್ನೆಲೆ. ಎ ಕಪ್ಪು, ಬಿ ಕೆಂಪು, ಸಿ ಹಸಿರು, ಡಿ ಕಂದು, ಇ ನೀಲಿ, ಎಫ್ ಕಡುಗೆಂಪು ನೇರಳೆ, ಜಿ ಹಸಿರುನೀಲಿ, ಎಚ್ ತಿಳಿಬೂದು. ಎಕ್ಸ್ ಎಂದರೆ ಟರ್ಮಿನಲ್‌ನ ಸಹಜ ಬಣ್ಣ. ಅಕ್ಷರವನ್ನು ದೊಡ್ಡದಾಗಿ ಬರೆದರೆ ಅದೇ ಬಣ್ಣ ದಪ್ಪವಾಗುತ್ತದೆ. ಜೋಡಿಗಳ ಸ್ಥಾನವೂ ನಿಗದಿಯಾದದ್ದು: ಡೈರೆಕ್ಟರಿ, ಸಿಂಬಾಲಿಕ್ ಲಿಂಕ್, ಸಾಕೆಟ್, ಪೈಪ್, ಓಡಿಸಬಹುದಾದ ಕಡತ, ಬ್ಲಾಕ್ ಸಾಧನ, ಕ್ಯಾರೆಕ್ಟರ್ ಸಾಧನ, ಸೆಟ್‌ಯುಐಡಿ ಕಡತ (ಓಡಿಸಿದಾಗ ಮಾಲೀಕರ ಅಧಿಕಾರ ಪಡೆಯುವುದು), ಸೆಟ್‌ಜಿಐಡಿ ಕಡತ, ಸ್ಟಿಕಿ ಬಿಟ್ (ಇತರರ ಕಡತ ಅಳಿಸದಂತೆ ತಡೆಯುವ ಗುರುತು) ಇದ್ದು ಎಲ್ಲರೂ ಬರೆಯಬಹುದಾದ ಡೈರೆಕ್ಟರಿ, ಸ್ಟಿಕಿ ಇಲ್ಲದೆ ಎಲ್ಲರೂ ಬರೆಯಬಹುದಾದ ಡೈರೆಕ್ಟರಿ.

ಮೂಲ ವ್ಯವಸ್ಥೆಯಲ್ಲಿ ಐದನೆಯ ಜೋಡಿ ಸಣ್ಣ ಬಿ ಮತ್ತು ಎಕ್ಸ್. ಅಂದರೆ ಮ್ಯಾಕ್‌ನಲ್ಲಿ ಓಡಿಸಬಹುದಾದ ಕಡತ ಕೆಂಪಾಗಿ ಕಾಣುತ್ತದೆ, ಲಿನಕ್ಸ್‌ನಲ್ಲಿ ಹಸಿರು. ನಿಮ್ಮ ಕಣ್ಣಿಗೆ ಕೆಂಪು ಎಂದರೆ ಟಾರ್ ಕಡತ ಎಂದು ಅಭ್ಯಾಸವಾಗಿರುವುದರಿಂದ ಇದು ಸಣ್ಣ ತೊಡಕಲ್ಲ. ಐದನೆಯ ಜೋಡಿಯನ್ನು ದೊಡ್ಡ ಸಿ ಮತ್ತು ಎಕ್ಸ್ ಮಾಡಿ, ಮೊದಲನೆಯದನ್ನು ದೊಡ್ಡ ಇ ಮತ್ತು ಎಕ್ಸ್, ಎರಡನೆಯದನ್ನು ದೊಡ್ಡ ಜಿ ಮತ್ತು ಎಕ್ಸ್, ಮೂರನೆಯದನ್ನು ದೊಡ್ಡ ಎಫ್ ಮತ್ತು ಎಕ್ಸ್ ಮಾಡಿದರೆ, ಡೈರೆಕ್ಟರಿ, ಲಿಂಕ್, ಸಾಕೆಟ್, ಓಡುವ ಕಡತ ಈ ನಾಲ್ಕೂ ಲಿನಕ್ಸ್‌ನ ನೋಟಕ್ಕೆ ಹೊಂದುತ್ತವೆ.

ಇನ್ನೊಂದು ಮಾತು. ದೊಡ್ಡ ಜಿ ಹಾಕಿದ ಏಲಿಯಾಸ್ ನಿಮಗೆ ಬೇಕೇ ಇಲ್ಲ. ಸಿಎಲ್‌ಐಕಲರ್ ಎಂಬ ವೇರಿಯಬಲ್ಲಿಗೆ 1 ಎಂದು ಕೊಟ್ಟು ಎಕ್ಸ್‌ಪೋರ್ಟ್ ಮಾಡಿದರೆ ಬಿಎಸ್‌ಡಿ ಎಲ್‌ಎಸ್ ತಾನಾಗಿಯೇ ಬಣ್ಣ ಹಚ್ಚುತ್ತದೆ. ಲಿನಕ್ಸ್‌ನ ಗ್ನೂ ಎಲ್‌ಎಸ್ ಆ ವೇರಿಯಬಲ್ಲನ್ನು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲವಾದ್ದರಿಂದ ಮೂರು ಯಂತ್ರಗಳಿಗೂ ಒಂದೇ ಕಡತ ಹಂಚಿದರೂ ಗುಂಪಿನ ಕಾಲಮ್ ಮತ್ತೆ ಮಾಯವಾಗದು. ಒಂದು ಕೊರತೆಯನ್ನು ಮಾತ್ರ ಒಪ್ಪಿಕೊಳ್ಳಬೇಕು: ಬಿಎಸ್‌ಡಿ ಎಲ್‌ಎಸ್ ಕಡತದ ಬಗೆಯನ್ನು ನೋಡಿ ಬಣ್ಣ ಹಚ್ಚುತ್ತದೆಯೇ ಹೊರತು ಹೆಸರಿನ ಕೊನೆಯ ಎಕ್ಸ್‌ಟೆನ್ಷನ್ ನೋಡಿ ಅಲ್ಲ. ಟಾರ್, ಜಿಪ್‌ಗಳು ಕೆಂಪಾಗಲೇಬೇಕೆಂದರೆ ಮ್ಯಾಕ್‌ನಲ್ಲಿ ಹೋಮ್‌ಬ್ರೂ ಎಂಬ ಪ್ಯಾಕೇಜ್ ಸಾಧನದ ಮೂಲಕ ಕೋರ್‌ಯುಟಿಲ್ಸ್ ಹಾಕಿಕೊಳ್ಳಿ; ಅಲ್ಲಿ ಅದು ಜಿಎಲ್‌ಎಸ್, ಜಿಡಿರ್‌ಕಲರ್ಸ್ ಎಂಬ ಹೆಸರಿನಲ್ಲಿ ಬರುತ್ತದೆ.

ಮೂರುಯಂತ್ರ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಸಿಎಲ್‌ಐಕಲರ್ ಕೊಟ್ಟೆ, 22 ಅಕ್ಷರಗಳ ಸಾಲನ್ನೂ ತಿದ್ದಿದೆ. ಮ್ಯಾಕ್ ಮತ್ತು ಫ್ರೀಬಿಎಸ್‌ಡಿ ಎರಡೂ ಈಗ ಒಂದೇ ರೀತಿ ಕಾಣುತ್ತಿವೆ. ಆದರೆ ಎರಡು ಪ್ರಶ್ನೆಗಳು ಉಳಿದಿವೆ.

ಮೊದಲನೆಯದು, ಈಚೆಗೆ ಬೇರೊಂದು ಟರ್ಮಿನಲ್ ಎಮ್ಯುಲೇಟರ್ (ಟರ್ಮಿನಲ್ ಕಿಟಕಿ ತೋರಿಸುವ ಪ್ರೋಗ್ರಾಮ್) ಹಾಕಿಕೊಂಡೆ. ಅದರಿಂದ ಲಿನಕ್ಸ್ ಸರ್ವರಿಗೆ ಹೋದರೆ ಬಣ್ಣವೇ ಬರುವುದಿಲ್ಲ. ಹಳೆಯ ಟರ್ಮಿನಲ್‌ನಿಂದ ಹೋದರೆ ಬರುತ್ತದೆ. ಸರ್ವರಿನಲ್ಲಿ ಯಾವುದನ್ನೂ ಮುಟ್ಟಿಲ್ಲ. ಎರಡನೆಯದು, ಬಣ್ಣ ಬರುವ ಕಡೆಯೂ ಕಪ್ಪು ಹಿನ್ನೆಲೆಯ ಮೇಲೆ ಆ ಗಾಢನೀಲಿ ಡೈರೆಕ್ಟರಿಗಳನ್ನು ಓದಲು ಕಣ್ಣು ಕಿರಿದು ಮಾಡಬೇಕಾಗಿದೆ.

ನಿರ್ವಾಹಕಿ

ಮೊದಲನೆಯ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಏಕೆಂದರೆ ಇದೇ ದೂರು ವಾರಕ್ಕೊಮ್ಮೆಯಾದರೂ ನನ್ನ ಬಳಿಗೆ ಬರುತ್ತದೆ. ಎರಡೂ ಟರ್ಮಿನಲ್‌ಗಳಿಂದ ಸರ್ವರಿಗೆ ಹೋಗಿ ಟರ್ಮಿನಲ್‌ನ ಬಗೆಯನ್ನು ತಿಳಿಸುವ ಟರ್ಮ್ ಎಂಬ ವೇರಿಯಬಲ್‌ನ ಬೆಲೆಯನ್ನು ಎಕೋ ಮಾಡಿ ನೋಡಿ. ಹಳೆಯದರಲ್ಲಿ ಎಕ್ಸ್‌ಟರ್ಮ್-256ಕಲರ್ ಎಂದು ಬರುತ್ತದೆ, ಹೊಸದರಲ್ಲಿ ಆ ಎಮ್ಯುಲೇಟರ್‌ನ ಸ್ವಂತ ಹೆಸರು ಇರುತ್ತದೆ. ಎಸ್‌ಎಸ್‌ಎಚ್ ನಿಮ್ಮ ಲ್ಯಾಪ್‌ಟಾಪಿನ ಇತರ ವೇರಿಯಬಲ್‌ಗಳನ್ನು ಕೇಳದೆ ಹೊತ್ತೊಯ್ಯುವುದಿಲ್ಲ, ಆದರೆ ಟರ್ಮ್ ಅನ್ನು ಯಾವಾಗಲೂ ಜೊತೆಗೆ ಒಯ್ಯುತ್ತದೆ.

ಈಗ ಸರ್ವರಿನ ಒಳಗೆ ನಡೆಯುವುದನ್ನು ನೋಡಿ. ಅಲ್ಲಿನ ಬ್ಯಾಶ್‌ಆರ್‌ಸಿಯಲ್ಲಿ ಡಿರ್‌ಕಲರ್ಸ್ ಎಂಬ ಪುಟ್ಟ ಪ್ರೋಗ್ರಾಮಿನ ಫಲಿತಾಂಶವನ್ನು ಇವ್ಯಾಲ್ ಮಾಡುವ (ಕಮಾಂಡ್ ಆಗಿ ಓಡಿಸುವ) ಸಾಲು ಇರುತ್ತದೆ. ಎಚ್. ಪೀಟರ್ ಆನ್ವಿನ್ ಅವರು ಬರೆದ ಈ ಪ್ರೋಗ್ರಾಮ್ ತಾನು ಯಾವ ಬಣ್ಣವನ್ನೂ ಹಚ್ಚುವುದಿಲ್ಲ. ಓದಲು ಸುಲಭವಾದ ಒಂದು ಪಟ್ಟಿಯನ್ನು ತೆಗೆದುಕೊಂಡು, ಎಲ್‌ಎಸ್_ಕಲರ್ಸ್‌ಗೆ ಬೇಕಾದ ಉದ್ದನೆಯ ಸಾಲನ್ನಾಗಿ ಹೆಣೆದು ಕೊಡುತ್ತದೆ. ಆ ಪಟ್ಟಿಯ ಆರಂಭದಲ್ಲಿ ಬಣ್ಣ ತೋರಿಸಬಲ್ಲ ಟರ್ಮಿನಲ್‌ಗಳ ಹೆಸರುಗಳಿವೆ. ನಿಮ್ಮ ಟರ್ಮ್ ಅವುಗಳಲ್ಲಿ ಯಾವುದಕ್ಕೂ ಹೊಂದದಿದ್ದರೆ ಡಿರ್‌ಕಲರ್ಸ್ ಖಾಲಿ ಬೆಲೆಯನ್ನು ಕೊಟ್ಟು ಸುಮ್ಮನಾಗುತ್ತದೆ. ಸರ್ವರಿನಲ್ಲಿ ಬರಿದೆ "ಡಿರ್‌ಕಲರ್ಸ್ -ಬಿ" ಎಂದು ಹೊಡೆಯಿರಿ. ಎರಡು ಉದ್ಧರಣ ಚಿಹ್ನೆಗಳ ನಡುವೆ ಏನೂ ಇಲ್ಲದ ಎಲ್‌ಎಸ್_ಕಲರ್ಸ್ ಕಂಡರೆ ಕಾರಣ ಸಿಕ್ಕಿತೆಂದೇ ತಿಳಿಯಿರಿ.

ಪರಿಹಾರಕ್ಕೆ "ಡಿರ್‌ಕಲರ್ಸ್ -ಪಿ" ಎಂಬುದರ ಫಲಿತಾಂಶವನ್ನು ನಿಮ್ಮ ಹೋಮ್ ಡೈರೆಕ್ಟರಿಯಲ್ಲಿ ಚುಕ್ಕಿಯಿಂದ ಆರಂಭವಾಗುವ ಡಿರ್‌ಕಲರ್ಸ್ ಎಂಬ ಕಡತದಲ್ಲಿ ಉಳಿಸಿಕೊಳ್ಳಿ. ಅದರ ಟರ್ಮ್ ಸಾಲುಗಳ ಜೊತೆಗೆ ನಿಮ್ಮ ಎಮ್ಯುಲೇಟರ್‌ನ ಹೆಸರಿನ ಒಂದು ಸಾಲನ್ನು ಸೇರಿಸಿ, ಇವ್ಯಾಲ್ ಮಾಡುವ ಕಡೆ ಈ ಕಡತದ ಹೆಸರನ್ನು ಕೊಡಿ.

ಬಹಳ ಜನ ಇದರ ಬದಲು ಬ್ಯಾಶ್‌ಆರ್‌ಸಿಯಲ್ಲಿ ಟರ್ಮ್ ಅನ್ನೇ ಎಕ್ಸ್‌ಟರ್ಮ್-256ಕಲರ್ ಎಂದು ಬಲವಂತವಾಗಿ ಬರೆದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಟರ್ಮ್ ಎಂಬುದು ಎಲ್‌ಎಸ್‌ಗಾಗಿ ಇರುವ ಸೆಟ್ಟಿಂಗ್ ಅಲ್ಲ. ವಿಮ್ ಎಡಿಟರ್, ಪುಟಪುಟವಾಗಿ ತೋರಿಸುವ ಲೆಸ್, ಪರದೆ ಹಂಚುವ ಟಿಮಕ್ಸ್ ಎಲ್ಲವೂ ಅದನ್ನು ನಂಬಿ ಪರದೆಯನ್ನು ಬರೆಯುತ್ತವೆ. ಟಿಮಕ್ಸ್‌ನ ಒಳಗೆ ಟರ್ಮ್ ಎಂಬುದು ಸ್ಕ್ರೀನ್ ಅಥವಾ ಟಿಮಕ್ಸ್ ಎಂದೇ ಆರಂಭವಾಗಬೇಕು, ಇಲ್ಲದಿದ್ದರೆ ಗೆರೆಗಳು ಒಡೆದು ಪರದೆ ಕಲಸಿಹೋಗುತ್ತದೆ. ಸರ್ವರಿಗೆ ನಿಮ್ಮ ಟರ್ಮಿನಲ್‌ನ ಪರಿಚಯವೇ ಇಲ್ಲದಿದ್ದರೆ ಪರಿಚಯ ಮಾಡಿಕೊಡುವ ವಿಧಾನವಿದೆ: ಲ್ಯಾಪ್‌ಟಾಪಿನಲ್ಲಿ ಇನ್‌ಫೋಸಿಎಂಪಿ ಕೊಡುವ ವಿವರಣೆಯನ್ನು ಎಸ್‌ಎಸ್‌ಎಚ್ ಮೂಲಕ ಸರ್ವರಿನ ಟಿಕ್ ಕಮಾಂಡಿಗೆ ಹಾಯಿಸಿದರೆ, ಅದು ನಿಮ್ಮ ಹೋಮ್ ಡೈರೆಕ್ಟರಿಯ ಟರ್ಮ್‌ಇನ್‌ಫೋ ಎಂಬ ಟರ್ಮಿನಲ್ ವಿವರಗಳ ಸಂಗ್ರಹದಲ್ಲಿ ಕುಳಿತುಕೊಳ್ಳುತ್ತದೆ, ರೂಟ್ ಅನುಮತಿ ಬೇಕಾಗುವುದಿಲ್ಲ. ಆಮೇಲೆ "ಟಿಪುಟ್ ಕಲರ್ಸ್" ಎಂದು ಕೇಳಿ. 256 ಎಂಬ ಉತ್ತರ ಬಂದರೆ ಪರಿಚಯ ಸರಿಯಾಗಿ ಆಗಿದೆ.

ಹಳೆಯಶೆಲ್

ಗಾಢನೀಲಿಯ ಪ್ರಶ್ನೆಗೆ ಬರುತ್ತೇನೆ. 34 ಎಂಬ ಸಂಖ್ಯೆ "ನೀಲಿ" ಎಂದಷ್ಟೇ ಹೇಳುತ್ತದೆ, ಎಂಥ ನೀಲಿ ಎಂದು ಹೇಳುವುದಿಲ್ಲ. ಮೊದಲ 16 ಬಣ್ಣಗಳ ನಿಜರೂಪವನ್ನು ಪ್ರತಿ ಟರ್ಮಿನಲ್ ತನ್ನ ಪ್ಯಾಲೆಟ್‌ನಿಂದ (ಬಣ್ಣಗಳ ಪಟ್ಟಿಯಿಂದ) ತಾನೇ ತೀರ್ಮಾನಿಸುತ್ತದೆ. ಆದ್ದರಿಂದಲೇ ಒಂದೇ ಸರ್ವರಿನ ಒಂದೇ ಡೈರೆಕ್ಟರಿ ಒಂದು ಟರ್ಮಿನಲ್‌ನಲ್ಲಿ ತಿಳಿಯಾಗಿಯೂ ಇನ್ನೊಂದರಲ್ಲಿ ಕಪ್ಪಿನೊಳಗೆ ಮುಳುಗಿದಂತೆಯೂ ಕಾಣುತ್ತದೆ. 01 ಎಂಬುದರ ಕಥೆಯೂ ಹಾಗೆಯೇ: ಕೆಲವು ಟರ್ಮಿನಲ್‌ಗಳು ಅದನ್ನು ದಪ್ಪ ಅಕ್ಷರವಾಗಿ ತೋರಿಸುತ್ತವೆ, ಕೆಲವು ಅದೇ ಬಣ್ಣದ ಪ್ರಕಾಶಮಾನ ರೂಪವಾಗಿ ತೋರಿಸುತ್ತವೆ, ಕೆಲವು ಎರಡನ್ನೂ ಮಾಡುತ್ತವೆ. ಸೋಲರೈಸ್ಡ್ ಪ್ಯಾಲೆಟ್ ಬಳಸುವವರಿಗೆ ಓಡಿಸಬಹುದಾದ ಕಡತಗಳು ಹಸಿರಾಗದೆ ಬೂದಾಗಿ ಕಾಣುವುದಕ್ಕೆ ಇದೇ ಕಾರಣ. ಆ ಪ್ಯಾಲೆಟ್ ಪ್ರಕಾಶಮಾನ ಬಣ್ಣಗಳ ಸ್ಥಾನದಲ್ಲಿ ಬಹುಪಾಲು ಬೂದುಛಾಯೆಗಳನ್ನು ಇಟ್ಟುಕೊಂಡಿದೆ. ಅಂಥವರು ದಪ್ಪವನ್ನು ಪ್ರಕಾಶಮಾನವಾಗಿ ತೋರಿಸುವ ಆಯ್ಕೆಯನ್ನು ಟರ್ಮಿನಲ್‌ನ ಸೆಟ್ಟಿಂಗ್‌ನಲ್ಲಿ ತೆಗೆದುಹಾಕಬೇಕು.

ನನ್ನ ಖಚಿತ ಅಭಿಪ್ರಾಯವೆಂದರೆ, ಓದಲು ಕಷ್ಟವಾಗುವ ನೀಲಿಯನ್ನು ತಿದ್ದಬೇಕಾದದ್ದು ನಿಮ್ಮ ಲ್ಯಾಪ್‌ಟಾಪಿನ ಟರ್ಮಿನಲ್ ಪ್ಯಾಲೆಟ್‌ನಲ್ಲಿ, ಸರ್ವರ್‌ಗಳ ವೇರಿಯಬಲ್‌ನಲ್ಲಿ ಅಲ್ಲ. ನೀಲಿಯನ್ನು ಅಲ್ಲಿ ಒಮ್ಮೆ ತಿಳಿಗೊಳಿಸಿದರೆ ಮೂರು ಯಂತ್ರಗಳಿಗೂ, ಎಲ್‌ಎಸ್‌ಗೆ ಮಾತ್ರವಲ್ಲದೆ ಗ್ರೆಪ್, ಗಿಟ್, ವಿಮ್‌ಗಳಿಗೂ ಅದು ಅನ್ವಯಿಸುತ್ತದೆ.

ಪ್ಯಾಲೆಟ್ ಬದಲಾಯಿಸಲು ಆಗದ ಕಡೆ, ಉದಾಹರಣೆಗೆ ಬೇರೆಯವರೂ ಕೂರುವ ಯಂತ್ರದಲ್ಲಿ, 256 ಬಣ್ಣಗಳ ಕ್ರಮ ಬಳಸಬಹುದು. ಅಲ್ಲಿ "38;5;" ಎಂದು ಬರೆದು ಬಣ್ಣದ ಸಂಖ್ಯೆ ಕೊಡಬೇಕು. ಮೊದಲ 16 ಬಿಟ್ಟರೆ ಮುಂದಿನ 216 ಬಣ್ಣಗಳು ಆರು ಮೆಟ್ಟಿಲುಗಳ ಘನ, ಕೊನೆಯ 24 ಬೂದುಛಾಯೆಗಳು. ಘನದೊಳಗಿನ ಸಂಖ್ಯೆಯನ್ನು ಲೆಕ್ಕ ಹಾಕಿಯೇ ತೆಗೆಯಬಹುದು: ಕೆಂಪು, ಹಸಿರು, ನೀಲಿ ಮೂರಕ್ಕೂ 0ಯಿಂದ 5ರವರೆಗೆ ಒಂದೊಂದು ಮೆಟ್ಟಿಲು ಆರಿಸಿ, ಕೆಂಪನ್ನು 36ರಿಂದ, ಹಸಿರನ್ನು 6ರಿಂದ ಗುಣಿಸಿ, ನೀಲಿಯನ್ನು ಹಾಗೆಯೇ ಸೇರಿಸಿ, 16 ಕೂಡಿಸಬೇಕು. ಕೆಂಪು 1, ಹಸಿರು 3, ನೀಲಿ 5 ಎಂದರೆ 36, 18, 5, 16 ಸೇರಿ 75. ಆಕಾಶದ ಬಣ್ಣಕ್ಕೆ ಹತ್ತಿರವಾದ ತಿಳಿನೀಲಿ ಅದು. ಡಿರ್‌ಕಲರ್ಸ್ ಕಡತದ ಡೈರೆಕ್ಟರಿ ಸಾಲಿನಲ್ಲಿ "01;38;5;75" ಎಂದು ಬರೆದು ನೋಡಿ, ಕಪ್ಪಿನ ಮೇಲೆ ಕಣ್ಣಿಗೆ ಹಿತವಾಗಿರುತ್ತದೆ. ಆದರೆ ಬಿಎಸ್‌ಡಿಯ 22 ಅಕ್ಷರಗಳ ಸಾಲಿನಲ್ಲಿ ಇದಕ್ಕೆ ಅವಕಾಶವಿಲ್ಲ, ಅದೂ ಪ್ಯಾಲೆಟ್ಟನ್ನೇ ತಿದ್ದಿ ಎನ್ನಲು ಒಂದು ಕಾರಣ.

ಕೆಂಪುಹಸಿರು

ಈ ಚರ್ಚೆಯನ್ನು ಓದುತ್ತಿರುವ ನನ್ನಂಥವರಿಗಾಗಿ ಒಂದು ಮಾತು ಸೇರಿಸಬೇಕೆನಿಸಿತು. ನನಗೆ ಕೆಂಪು ಮತ್ತು ಹಸಿರಿನ ನಡುವಿನ ಭೇದ ಸರಿಯಾಗಿ ಕಾಣುವುದಿಲ್ಲ. ಗ್ನೂ ಎಲ್‌ಎಸ್‌ನ ಮೂಲ ಬಣ್ಣಗಳಲ್ಲಿ ಓಡಿಸಬಹುದಾದ ಕಡತ ಹಸಿರು, ಆರ್ಕೈವ್ ಕೆಂಪು. ನನಗೆ ಎರಡೂ ಒಂದೇ ಮಣ್ಣುಬಣ್ಣ. ಬಹಳ ವರ್ಷ ಬಣ್ಣವನ್ನೇ ನಿಲ್ಲಿಸಿಟ್ಟು ಕೆಲಸ ಮಾಡಿದೆ. ಆಮೇಲೆ ಕಂಡುಕೊಂಡ ದಾರಿಯೆಂದರೆ ಬಣ್ಣದ ಜೊತೆಗೆ ದೊಡ್ಡಕ್ಷರದ "-ಎಫ್" ಆಪ್ಷನ್ನನ್ನೂ ಏಲಿಯಾಸ್‌ಗೆ ಸೇರಿಸುವುದು. ಅದು ಡೈರೆಕ್ಟರಿಯ ಹೆಸರಿನ ಕೊನೆಗೆ ಓರೆಗೆರೆ, ಓಡಿಸಬಹುದಾದುದಕ್ಕೆ ನಕ್ಷತ್ರಚಿಹ್ನೆ, ಲಿಂಕ್‌ಗೆ ಆ್ಯಟ್ ಚಿಹ್ನೆ ಹಾಕುತ್ತದೆ. ಗ್ನೂ ಮತ್ತು ಬಿಎಸ್‌ಡಿ ಎರಡರಲ್ಲೂ ಈ ಆಪ್ಷನ್‌ಗೆ ಅರ್ಥ ಒಂದೇ, ದೊಡ್ಡ ಜಿಯ ಹಾಗೆ ಮೋಸವಿಲ್ಲ.

ಆರ್ಕೈವ್‌ಗಳ ಬಣ್ಣವನ್ನು ನಾನು ಹಳದಿಗೆ, ಅಂದರೆ 33ಕ್ಕೆ ಬದಲಾಯಿಸಿಕೊಂಡಿದ್ದೇನೆ. ಬಣ್ಣಗಳ ಹೊಳಪಿನಲ್ಲಿ ಅಂತರವಿದ್ದರೆ ನಮಗೆ ಗುರುತಿಸಲು ಬರುತ್ತದೆ. ನಿಮ್ಮ ಸೆಟ್ಟಿಂಗನ್ನು ತಂಡಕ್ಕೆಲ್ಲ ಹಂಚುವವರಿದ್ದರೆ ಇದನ್ನು ದಯವಿಟ್ಟು ನೆನಪಿಡಿ.

ಹಾಗೆಯೇ, ಹಸಿರು ಹಿನ್ನೆಲೆಯ ಮೇಲೆ ನೀಲಿ ಅಕ್ಷರ ಬರುವ ಡೈರೆಕ್ಟರಿಗಳನ್ನು ಯಾವ ಕಣ್ಣೂ ಓದಲಾರದು. ಅದು ಎಲ್ಲರೂ ಬರೆಯಬಹುದಾದ ಡೈರೆಕ್ಟರಿಯ ಎಚ್ಚರಿಕೆ. ವಿಂಡೋಸ್ ಡಿಸ್ಕನ್ನು ಡಬ್ಲ್ಯುಎಸ್‌ಎಲ್‌ನ (ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ವ್ಯವಸ್ಥೆ) ಒಳಗಿನಿಂದ ನೋಡುವಾಗ ಸಾಮಾನ್ಯವಾಗಿ ಎಲ್ಲ ಡೈರೆಕ್ಟರಿಗಳಿಗೂ 777, ಅಂದರೆ ಎಲ್ಲರಿಗೂ ಎಲ್ಲ ಅನುಮತಿ ಇರುವಂತೆ ಕಾಣುವುದರಿಂದ ಪಟ್ಟಿಯೆಲ್ಲ ಹಸಿರು ಪಟ್ಟೆಯಾಗಿಬಿಡುತ್ತದೆ. ಡಿರ್‌ಕಲರ್ಸ್ ಕಡತದಲ್ಲಿ ಅದರ್-ರೈಟಬಲ್ ಎಂಬ ಸಾಲಿನ "34;42" ಅನ್ನು ತೆಗೆದು "01;04;34" ಎಂದು ಬರೆದರೆ ಅಡಿಗೆರೆಯೊಂದಿಗೆ ಬರುತ್ತದೆ; ಎಚ್ಚರಿಕೆಯೂ ಉಳಿಯುತ್ತದೆ, ಹೆಸರೂ ಓದಲು ಬರುತ್ತದೆ.

ನಿರ್ವಾಹಕಿ

ಏಲಿಯಾಸ್‌ನಲ್ಲಿ ಆಟೋ ಎಂಬ ಪದವನ್ನು ಬಿಡಬಾರದು ಎಂಬುದನ್ನು ಯಾರೂ ಹೇಳಲಿಲ್ಲ. ಗ್ನೂ ಎಲ್‌ಎಸ್‌ನಲ್ಲಿ ಬರಿದೆ "--ಕಲರ್" ಎಂದರೆ ಆಲ್ವೇಸ್ ಎಂದೇ ಅರ್ಥ. ಆಟೋ ಎಂದರೆ, ಫಲಿತಾಂಶ ಟರ್ಮಿನಲ್‌ಗೆ ಹೋಗುತ್ತಿದೆಯೇ ಎಂದು ನೋಡಿ, ಹೌದಾದರೆ ಮಾತ್ರ ಬಣ್ಣ. ಪರದೆಗೆ ಬರುವಾಗ ಹಲವು ಕಾಲಮ್‌ಗಳಲ್ಲೂ ಪೈಪಿಗೆ ಹೋಗುವಾಗ ಸಾಲಿಗೊಂದರಂತೆಯೂ ಎಲ್‌ಎಸ್ ಹೆಸರುಗಳನ್ನು ಕೊಡುತ್ತದಲ್ಲ, ಅದನ್ನು ನಿರ್ಧರಿಸುವುದೂ ಇದೇ ಪರೀಕ್ಷೆ.

ಹಿಂದೆ ನಾನಿದ್ದ ತಂಡದಲ್ಲಿ ಒಬ್ಬರು ಏಲಿಯಾಸ್‌ನಲ್ಲಿ ಆಲ್ವೇಸ್ ಎಂದು ಬರೆದುಕೊಂಡಿದ್ದರು. ಒಂದು ಸಂಜೆ ಎಲ್‌ಎಸ್‌ನ ಫಲಿತಾಂಶವನ್ನು ಡಾಲರ್ ಆವರಣದೊಳಗೆ ಹಾಕಿ, ಅಂದರೆ ಇನ್ನೊಂದು ಕಮಾಂಡಿಗೆ ಹೆಸರುಗಳಾಗಿ ಕೊಟ್ಟು, ಸುಮಾರು ಸ್ಕ್ರಿಪ್ಟ್ ಕಡತಗಳನ್ನು ಬೇರೆಡೆಗೆ ನಕಲು ಮಾಡಲು ಹೊರಟರು. ಇಂಥ ಕಡತ ಇಲ್ಲ ಎಂದು ಪ್ರತಿಯೊಂದಕ್ಕೂ ದೋಷ ಬಂತು, ಮೇಲಿನ ಸಾಲಿನಲ್ಲಿ ಅದೇ ಕಡತ ಕಣ್ಣೆದುರೇ ಇದೆ. ಇಬ್ಬರೂ ಹೆಸರನ್ನು ಅಕ್ಷರ ಅಕ್ಷರವಾಗಿ ಹೋಲಿಸಿದೆವು. ಕೊನೆಗೆ ಫಲಿತಾಂಶವನ್ನು "ಓಡಿ -ಸಿ"ಗೆ ಕೊಟ್ಟಾಗ ಹೆಸರಿನ ಮೊದಲ ಅಕ್ಷರಕ್ಕಿಂತ ಮುಂಚೆ 033 ಎಂಬ ಬೈಟ್ ಕುಳಿತಿತ್ತು. ಶೆಲ್‌ನ ದೃಷ್ಟಿಯಲ್ಲಿ ಆ ಕಡತದ ಹೆಸರು ಬಣ್ಣದ ಸಂಕೇತದಿಂದಲೇ ಆರಂಭವಾಗುತ್ತಿತ್ತು. ಅಂದಿನಿಂದ ನಾನು ಆಲ್ವೇಸ್ ಎಂಬುದನ್ನು ಕೈಯಿಂದ ಹೊಡೆಯುತ್ತೇನೆ, ಅದೂ ಉದ್ದಪಟ್ಟಿಯನ್ನು "ಲೆಸ್ -ಆರ್"ನಲ್ಲಿ ಬಣ್ಣದೊಂದಿಗೆ ನೋಡಬೇಕಾದಾಗ ಮಾತ್ರ. ಆ ಆರ್ ದೊಡ್ಡಕ್ಷರ.

ಎನ್‌ಎಫ್‌ಎಸ್‌ನಂಥ ಜಾಲದ ಡಿಸ್ಕ್ ಬಳಸುವವರಿಗೆ ಇನ್ನೊಂದು ಸಂಗತಿ. ಬಣ್ಣವಿಲ್ಲದ ಎಲ್‌ಎಸ್ ಡೈರೆಕ್ಟರಿಯನ್ನು ಓದಿ ಹೆಸರು ತೋರಿಸಿದರೆ ಸಾಕು. ಬಣ್ಣ ಬೇಕೆಂದರೆ ಪ್ರತಿ ಕಡತವನ್ನೂ ಸ್ಟ್ಯಾಟ್ ಮಾಡಿ, ಅಂದರೆ ಅದರ ವಿವರ ತರಿಸಿ, ಓಡಿಸುವ ಬಿಟ್ ಇದೆಯೇ, ಸೆಟ್‌ಯುಐಡಿ ಇದೆಯೇ ಎಂದು ಕೇಳಬೇಕಾಗುತ್ತದೆ, ಲಿಂಕ್ ಆದರೆ ಅದರ ಗುರಿ ಇದೆಯೇ ಎಂದೂ ನೋಡಬೇಕಾಗುತ್ತದೆ. ಲಕ್ಷ ಕಡತಗಳಿರುವ ಡೈರೆಕ್ಟರಿಯಲ್ಲಿ ಪರದೆ ತಟಸ್ಥವಾಗಿ ನಿಂತರೆ ಮೊದಲು ಏಲಿಯಾಸ್ ತಪ್ಪಿಸಿ, ಅಂದರೆ ಎಲ್‌ಎಸ್‌ನ ಮುಂದೆ ಹಿಂಬಾಗಿದ ಓರೆಗೆರೆ ಹಾಕಿ ಹೊಡೆದು ನೋಡಿ. ತಕ್ಷಣ ಬಂದರೆ ಹೊತ್ತು ತಿಂದದ್ದು ಬಣ್ಣವೇ.

ಡೀಮನ್‌ಗೆಳತಿ

ಒಂದೇ ಕಡತವನ್ನು ಎಲ್ಲ ಕಡೆ ಹಂಚುವವರು ಯಾವ ಎಲ್‌ಎಸ್ ಇದೆಯೆಂದು ಪರೀಕ್ಷಿಸುವ ವಿಧಾನದಲ್ಲೂ ಎಚ್ಚರವಹಿಸಬೇಕು. "--ಕಲರ್=ಆಟೋ" ದೋಷವಿಲ್ಲದೆ ಓಡಿತೇ ಎಂದು ನೋಡಿ, ಓಡಿದರೆ ಗ್ನೂ ಎಂದು ತೀರ್ಮಾನಿಸುವ ಕ್ರಮ ಬಹಳ ಕಡೆ ಕಾಣುತ್ತದೆ. ಈಗ ಅದು ಸಾಲದು, ಏಕೆಂದರೆ ಹೊಸ ಫ್ರೀಬಿಎಸ್‌ಡಿ ಮತ್ತು ಹೊಸ ಮ್ಯಾಕ್‌ಗಳ ಎಲ್‌ಎಸ್ ಆ ಆಪ್ಷನ್ನನ್ನು ಒಪ್ಪುತ್ತದೆ, ಆದರೆ ಓದುವುದು ಅಡಿಗೆರೆ ಇಲ್ಲದ ವೇರಿಯಬಲ್ಲನ್ನೇ. "ಎಲ್‌ಎಸ್ --ವರ್ಷನ್" ಯಶಸ್ವಿಯಾಗುತ್ತದೆಯೇ ಎಂದು ನೋಡುವುದು ಇದಕ್ಕಿಂತ ನಂಬಿಕೆಗೆ ಅರ್ಹ. ಬಿಎಸ್‌ಡಿಯದು ಅಲ್ಲಿ ದೋಷ ಕೊಡುತ್ತದೆ. ಕಾರ್ಯಾಚರಣ ವ್ಯವಸ್ಥೆಯ ಹೆಸರು ಹೇಳುವ ಯುನೇಮ್ ನೋಡಿ ತೀರ್ಮಾನಿಸುವುದನ್ನೂ ನಾನು ಒಪ್ಪುವುದಿಲ್ಲ: ಮ್ಯಾಕ್‌ನಲ್ಲಿ ಗ್ನೂ ಹಾಕಿಕೊಂಡವರಿದ್ದಾರೆ, ಲಿನಕ್ಸ್‌ನಲ್ಲಿ ಬಿಜಿಬಾಕ್ಸ್ ಇರುತ್ತದೆ.

ಓಪನ್‌ಬಿಎಸ್‌ಡಿಯ ಮೂಲ ಎಲ್‌ಎಸ್‌ಗೆ ಬಣ್ಣವೇ ಇಲ್ಲ. ಅಲ್ಲಿ ಕಲರ್‌ಎಲ್‌ಎಸ್ ಎಂಬ ಪ್ಯಾಕೇಜ್ ಹಾಕಿಕೊಂಡು ಅದಕ್ಕೆ ಏಲಿಯಾಸ್ ಕೊಡಬೇಕು. ಬ್ಯಾಶ್ ಬದಲು ಟಿಸಿಶೆಲ್ ಎಂಬ ಶೆಲ್ ಬಳಸುವವರು ಲಾಗಿನ್ ಆದಾಗ ಕಲರ್‌ಎಲ್‌ಎಸ್ ವೇರಿಯಬಲ್ ಗೊತ್ತಿಲ್ಲ ಎಂಬ ಸಂದೇಶ ಕಂಡರೆ ಗಾಬರಿಯಾಗಬೇಡಿ. ಆ ಶೆಲ್ ತನ್ನದೇ ಪಟ್ಟಿಗಾಗಿ ಎಲ್‌ಎಸ್_ಕಲರ್ಸ್ ಅನ್ನು ಸ್ವತಃ ಓದುತ್ತದೆ, ಹೊಸ ಡಿರ್‌ಕಲರ್ಸ್ ಸೇರಿಸಿದ ಕೀಲಿಗಳು ಹಳೆಯ ಟಿಸಿಶೆಲ್‌ಗೆ ಅಪರಿಚಿತ. ಸಂದೇಶದಲ್ಲಿ ಹೆಸರಿಸಿದ ಕೀಲಿಯನ್ನು ಪಟ್ಟಿಯಿಂದ ತೆಗೆದರೆ ಸಾಕು.

ಮೂರುಯಂತ್ರ

ನೀವೆಲ್ಲ ಹೇಳಿದಂತೆ ಮಾಡಿದ ಮೇಲೆ ನನ್ನ ಕಡತ ಈಗ ಹೀಗಿದೆ. ಸಿಎಲ್‌ಐಕಲರ್ ಮತ್ತು 22 ಅಕ್ಷರಗಳ ಸಾಲು ಯಾವ ಷರತ್ತೂ ಇಲ್ಲದೆ ಮೇಲೆ ಇವೆ. ಅದರ ಕೆಳಗೆ ಎಲ್‌ಎಸ್‌ನ ವರ್ಷನ್ ಪರೀಕ್ಷೆ. ಅದು ಯಶಸ್ವಿಯಾದರೆ ನನ್ನ ಡಿರ್‌ಕಲರ್ಸ್ ಕಡತವನ್ನು ಇವ್ಯಾಲ್ ಮಾಡಿ, ಕಲರ್ ಆಟೋ ಮತ್ತು ದೊಡ್ಡ ಎಫ್ ಸೇರಿದ ಏಲಿಯಾಸ್ ಕೊಡುತ್ತದೆ. ಆಗದಿದ್ದರೆ ದೊಡ್ಡ ಎಫ್ ಮಾತ್ರ ಇರುವ ಏಲಿಯಾಸ್. ಹೊಸ ಎಮ್ಯುಲೇಟರ್‌ನ ಹೆಸರನ್ನು ಡಿರ್‌ಕಲರ್ಸ್ ಕಡತದ ಟರ್ಮ್ ಸಾಲುಗಳಿಗೆ ಸೇರಿಸಿದ ಕೂಡಲೇ ಸರ್ವರಿನಲ್ಲಿ ಬಣ್ಣ ಬಂತು. ನೀಲಿಯನ್ನು ಪ್ಯಾಲೆಟ್‌ನಲ್ಲೇ ತಿಳಿಗೊಳಿಸಿದೆ, ಆರ್ಕೈವ್‌ಗಳನ್ನು ಹಳದಿ ಮಾಡಿದೆ, ಏಕೆಂದರೆ ಈ ಕಡತವನ್ನು ನಮ್ಮ ತಂಡದ ಇನ್ನಿಬ್ಬರೂ ಬಳಸಲಿದ್ದಾರೆ.

ಮ್ಯಾಕ್‌ನಲ್ಲಿ ಮಾತ್ರ ಹೊಸ ಕಿಟಕಿ ತೆರೆದಾಗ ಮೊದಲು ಏನೂ ಬದಲಾಗಲಿಲ್ಲ. ಅಲ್ಲಿನ ಟರ್ಮಿನಲ್ ಪ್ರತಿ ಕಿಟಕಿಯನ್ನೂ ಲಾಗಿನ್ ಶೆಲ್ ಆಗಿ ತೆರೆಯುತ್ತದೆ, ಬ್ಯಾಶ್ ಆಗ ಓದುವುದು ಬ್ಯಾಶ್_ಪ್ರೊಫೈಲ್ ಅನ್ನು, ಬ್ಯಾಶ್‌ಆರ್‌ಸಿಯನ್ನಲ್ಲ. ಪ್ರೊಫೈಲ್‌ನಿಂದ ಬ್ಯಾಶ್‌ಆರ್‌ಸಿಯನ್ನು ಕರೆಯುವ ಒಂದು ಸಾಲು ಸೇರಿಸಿದ ಮೇಲೆ ಸರಿಹೋಯಿತು. ಇದೀಗ ಮೂರು ಕಿಟಕಿಗಳನ್ನು ಅಕ್ಕಪಕ್ಕ ಇಟ್ಟು "ಎಲ್‌ಎಸ್ -ಎಲ್" ಕೊಟ್ಟು ನೋಡಿದೆ: ಮೂರರಲ್ಲೂ ಡೈರೆಕ್ಟರಿ ತಿಳಿನೀಲಿ, ಸ್ಕ್ರಿಪ್ಟ್ ಹಸಿರು ಮತ್ತು ಕೊನೆಯಲ್ಲಿ ನಕ್ಷತ್ರ, ಲಿನಕ್ಸ್ ಕಿಟಕಿಯಲ್ಲಿ ಗುಂಪಿನ ಕಾಲಮ್ ತನ್ನ ಜಾಗದಲ್ಲಿದೆ.